ಮುತ್ಯಾಲಮ್ಮನೋ, ಹಿಯಾನ್ಶಿಯೋ

ಸಿದ್ದರಾಜುವಿನ ಬಾಯಿಗೆ "ಇಲ್ಲ" ಎನ್ನುವ ಮಾತೇ ಬರುತ್ತಿರಲಿಲ್ಲ. ವಿಜಯಪುರದ ರೇಷ್ಮೆ ನೂಲಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಅವನು ಮಾಲೀಕರಿಗೂ ಹೂಂ, ಕೆಲಸದವರಿಗೂ ಹೂಂ ಎನ್ನುತ್ತಲೇ ಇಷ್ಟು ವರ್ಷ ದಿನ ದೂಡಿದ್ದ. ಮನೆಯಲ್ಲೂ ಅದೇ ಕತೆ. ತಿಂಗಳ ಹಿಂದೆ ತಾಯಿ ಅನುಸೂಯಮ್ಮ, "ಮಗೂಗೆ ನಿಮ್ಮಜ್ಜಿ ಹೆಸರೇ ಇಡ್ಬೇಕು ಕಣೋ, ಮುತ್ಯಾಲಮ್ಮ ಅಂತ" ಎಂದಾಗ ಹೂಂ ಎಂದಿದ್ದ. ಅದೇ ವಾರ ಹೆಂಡತಿ ಶಿಲ್ಪ ಬಾಣಂತನಕ್ಕೆ ಹೋಗಿದ್ದ ತವರಿನಿಂದ ಫೋನ್ ಮಾಡಿ, "ರೀ, ಹೆಸರು ಫಿಕ್ಸ್ ಮಾಡಿದೀನಿ. ಹಿಯಾನ್ಶಿ" ಎಂದಾಗಲೂ ಹೂಂ ಎಂದಿದ್ದ.

ಎರಡು ಹೂಂಗಳು ಮುಖಾಮುಖಿಯಾದದ್ದು ಶಿಲ್ಪ ಮಗುವಿನೊಂದಿಗೆ ತವರಿನಿಂದ ಮರಳಿದ ಮೇಲೆ, ನಾಮಕರಣದ ದಿನ ಬೆಳಿಗ್ಗೆ. ಸಿದ್ದರಾಜು ಮುಖಕ್ಕೆಲ್ಲ ನೊರೆ ಬಳಿದುಕೊಂಡು ಗಡ್ಡ ಹೆರೆಯುತ್ತಿದ್ದಾಗ ಫೋನ್ ಬಂತು. ಕೈ ಒದ್ದೆಯಾಗಿದ್ದರಿಂದ ಮೊಣಕೈಯಲ್ಲೇ ಒತ್ತಿ ಸ್ಪೀಕರ್‌ಗೆ ಹಾಕಿದ. ಫ್ಲೆಕ್ಸ್ ಅಂಗಡಿಯ ಮುನಿರಾಜ್.

"ಗುರು, ಸಾಯಂಕಾಲದ ಫ್ಲೆಕ್ಸ್ ರೆಡಿ ಮಾಡ್ತಾ ಇದೀನಿ. ಮಗು ಹೆಸರೇನು?"

"ಮುತ್ಯಾಲಮ್ಮ!" ಎಂದು ಅಡುಗೆಮನೆಯಿಂದ ಒಂದು ದನಿ, "ಹಿಯಾನ್ಶಿ!" ಎಂದು ಕೋಣೆಯಿಂದ ಇನ್ನೊಂದು ದನಿ ಒಟ್ಟಿಗೇ ಹೊರಟವು.

ಅತ್ತ ಮುನಿರಾಜ್ ಎರಡನ್ನೂ ಬರೆದುಕೊಂಡ. ಆಮೇಲೆ, "ಅವಳಿಜವಳಿ ಅಂತ ಹೇಳ್ಲೇ ಇಲ್ವಲ್ಲ ಗುರು! ಇಬ್ರ ಫೋಟೋನೂ ಕಳ್ಸು" ಎಂದ.

ಸಿದ್ದರಾಜು ಫೋನ್ ಆರಿಸಿದ. ಅಷ್ಟರಲ್ಲಿ ಅತ್ತೆ ಸೌಟು ಹಿಡಿದು, ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನಡುಮನೆಗೆ ಬಂದಾಗಿತ್ತು.

"ಅದೇನಮ್ಮ ನೀನಂದಿದ್ದು? ಹೀಯಾಳಿಸೀನಾ? ಹುಟ್ಟಿದ ಮಗೂಗೆ ಯಾರಾದ್ರೂ ಹೀಯಾಳಿಸಿ ಅಂತ ಹೆಸರಿಡ್ತಾರಾ?"

"ಹೀಯಾಳಿಸಿ ಅಲ್ಲ ಅತ್ತೆ, ಹಿಯಾನ್ಶಿ. ಹೃದಯದ ಅಂಶ ಅಂತ ಅರ್ಥ. ಇನ್ನೊಂದು ವೆಬ್‌ಸೈಟಲ್ಲಿ ಬೆಳದಿಂಗಳು ಅಂತಿದೆ."

"ಎರಡರಲ್ಲಿ ಯಾವ್ದು ಅಂತ ಅವರಿಗೇ ಗೊತ್ತಿಲ್ಲ!"

"ಮುತ್ಯಾಲಮ್ಮ ಅಂತ ಸ್ಕೂಲಲ್ಲಿ ಹಾಜರಿ ಕೂಗಿದ್ರೆ, ಪಕ್ಕದಲ್ಲಿ ಕೂತಿರೋ ಮಕ್ಳು ಕೈ ಮುಗಿದು ಪ್ರಸಾದ ಕೇಳ್ತಾರೆ ಅತ್ತೆ."

ಇಬ್ಬರೂ ಒಟ್ಟಿಗೇ ಸಿದ್ದರಾಜುವಿನ ಕಡೆ ತಿರುಗಿದರು. "ನೀನು ಹೂಂ ಅಂದಿದ್ದೆ ತಾನೆ?" "ನೀವು ಹೂಂ ಅಂದಿದ್ರಿ ತಾನೆ?"

ಸಿದ್ದರಾಜು ಅರ್ಧ ಗಡ್ಡದಲ್ಲೇ, ಹೂವು ತರುವ ನೆಪ ಹೇಳಿ ಬೀದಿಗೆ ಬಿದ್ದ. ಬಿಸಿನೀರಿನ ಬಾಣಲೆಯಲ್ಲಿ ಹೊರಳಾಡುವ ರೇಷ್ಮೆಗೂಡಿನ ಹಾಗಾಗಿತ್ತು ಅವನ ಸ್ಥಿತಿ. ಎಳೆ ಎಲ್ಲಿ ಸಿಗುತ್ತದೆ, ಯಾರು ಎಳೆಯುತ್ತಾರೆ ಒಂದೂ ತಿಳಿಯದು. ಇಬ್ಬರಲ್ಲಿ ಒಬ್ಬರು ಸೋಲಲೇಬೇಕು. ಯಾರು ಎಂಬುದು ಅವನಿಗೆ ಮುಖ್ಯವಾಗಿರಲಿಲ್ಲ. ಸಾಯಂಕಾಲದೊಳಗೆ ಸೋತರೆ ಸಾಕಾಗಿತ್ತು.

ಬೀದಿಯ ಕೊನೆಯಲ್ಲಿ ಅಜ್ಜಿಯ ತಮ್ಮ ಮುನಿರಾಮಯ್ಯ ಜಗಲಿಯ ಮೇಲೆ ಕೂತು ಬಿಸಿಲಿಗೆ ಮೈ ಕಾಯಿಸುತ್ತಿದ್ದ.

"ತಾತ, ಅಜ್ಜಿಗೆ ಮುತ್ಯಾಲಮ್ಮ ಅಂತ ಯಾಕಿಟ್ರು?"

"ಮುತ್ಯಾಲು ಅಂದ್ರೆ ತೆಲುಗಲ್ಲಿ ಮುತ್ತು ಕಣಪ್ಪ. ನಮ್ಮಮ್ಮ ಹಿಂದೂಪುರದ ಕಡೆಯವಳು, ಅವಳ ಮನೆದೇವ್ರ ಹೆಸರು" ಎಂದ ಮುನಿರಾಮಯ್ಯ. ಕೇಳಿದ್ದಕ್ಕಿಂತ ಹೆಚ್ಚು ಹೇಳುವುದು ಅವನ ಅಭ್ಯಾಸ. "ಆವಾಗ ಬೀದೀಲಿ ನಿಂತು ಮುತ್ಯಾಲೂ ಅಂದ್ರೆ ನಾಕು ಮನೆಯಿಂದ ಓ ಅಂತಿದ್ರು. ಆಮೇಲೆ ಸರೋಜ, ಲಲಿತ ಬಂದ್ವು. ಅವೂ ಹೋದ್ವು. ಆಮೇಲೆ ಎಲ್ಲಿ ನೋಡಿದ್ರೂ ಶಿಲ್ಪ, ಶ್ವೇತ, ಸೌಮ್ಯ. ಬೇಕಾದ್ರೆ ನಿನ್ನ ಹೆಂಡ್ತೀನೇ ಕೇಳು, ಅವಳ ಕ್ಲಾಸಲ್ಲಿ ಎಷ್ಟು ಜನ ಶಿಲ್ಪ ಇದ್ರು ಅಂತ."

ಸಿದ್ದರಾಜುವಿಗೆ ಎಳೆ ಸಿಕ್ಕಿತು. ಮನೆಗೆ ಓಡಿದ. ಶಿಲ್ಪ ಕೋಣೆಯಲ್ಲಿ ಮಗುವಿಗೆ ಕಾಡಿಗೆ ಹಚ್ಚುತ್ತಿದ್ದಳು.

"ಶಿಲ್ಪಾ, ನಿನ್ನ ಕ್ಲಾಸಲ್ಲಿ ಎಷ್ಟು ಜನ ಶಿಲ್ಪ ಇದ್ರು?"

ಅವಳ ಮುಖ ಬಾಡಿತು. "ಐದು ಜನ. ನಾನು ಹತ್ತನೇ ಕ್ಲಾಸ್ ತನಕ ಕನ್ನಡಕದ ಶಿಲ್ಪ."

"ನೋಡು ಮತ್ತೆ! ನಾಳೆ ಇವಳ ಕ್ಲಾಸಲ್ಲಿ ಹಿಯಾನ್ಶಿ, ಕಿಯಾನ್ಶಿ, ರಿಯಾನ್ಶಿ ಅಂತ ಒಂದು ಬೆಂಚ್ ತುಂಬ ಇರ್ತಾರೆ. ಮುತ್ಯಾಲಮ್ಮ ಅಂತ ಇಡೀ ಶಾಲೆಗೆ ಒಬ್ಳೇ. ಮುತ್ತು ಅಂತ ಅರ್ಥ ಕಣೇ. ನಮ್ಮನೆ ಮುತ್ತು."

ಶಿಲ್ಪಳ ಕೈ ಕಾಡಿಗೆಯ ಡಬ್ಬಿಯ ಮೇಲೆ ನಿಂತಿತು. ಇನ್ನೇನು ಒಪ್ಪಿಬಿಡುತ್ತಾಳೆ ಎನ್ನುವಾಗ ಕಿಟಕಿಯಲ್ಲಿ ಪಕ್ಕದ ಮನೆಯ ಪಾಪಕ್ಕನ ತಲೆ ಮೂಡಿತು. ಹಪ್ಪಳ ಒಣಗಿಸುವ ನೆವದಲ್ಲಿ ಆಕೆ ಬೆಳಿಗ್ಗೆಯಿಂದಲೂ ಆ ಗೋಡೆಯ ಪಕ್ಕ ಬಿಟ್ಟು ಕದಲಿರಲಿಲ್ಲ.

"ಯಾವ ಮುತ್ತು ಅಂತ ಹೇಳ್ಲಿಲ್ವಲ್ಲೋ ಸಿದ್ದ! ಹಿಂದೆ ಊರಿಗೆ ಅಮ್ಮ ಬಂದಾಗ ಮಕ್ಕಳ ಮೈಮೇಲೆ ಏಳ್ತಿದ್ದ ಸಿಡುಬಿನ ಗುಳ್ಳೆ ಇತ್ತಲ್ಲ, ಅದಕ್ಕೂ ಮುತ್ತು ಅಂತಿದ್ರು. ಅದನ್ನ ಕಾಯೋ ತಾಯೀನೇ ಮುತ್ಯಾಲಮ್ಮ."

"ಗುಳ್ಳೇನಾ?" ಶಿಲ್ಪ ಮಗುವನ್ನು ಎದೆಗೆ ಅವಚಿಕೊಂಡಳು. "ರೀ, ನೀವು ಮೊದ್ಲು ಹೊರಗೆ ಹೋಗಿ."

ಹೆಂಡತಿಯ ಕಡೆಯ ಬಾಗಿಲು ಮುಚ್ಚಿತು. ಇನ್ನು ತಾಯಿಯೇ ಗತಿ. ಅನುಸೂಯಮ್ಮ ಹಿತ್ತಲಲ್ಲಿ ಒಬ್ಬಟ್ಟಿನ ಬೇಳೆ ಬಸಿಯುತ್ತಿದ್ದಳು. ಸಿದ್ದರಾಜು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅಮ್ಮ, ನೀನು ಯಾವತ್ತಾದ್ರೂ ನಿಮ್ಮತ್ತೆ ಹೆಸರು ಬಾಯಲ್ಲಿ ಹೇಳಿದ್ದುಂಟಾ?"

"ಅಯ್ಯೋ, ಎಲ್ಲಾದ್ರೂ ಉಂಟಾ? ನಿಮ್ಮಜ್ಜಿ ಹೋಗೋವರೆಗೂ ಅವರ ಎದುರು ಕೂತು ಉಂಡೋಳಲ್ಲ ನಾನು. ರೇಷನ್ ಕಾರ್ಡಿನವ್ರು ಕೇಳಿದಾಗ್ಲೂ ನಿಮ್ಮಪ್ಪನ ಕೈಲೇ ಹೇಳ್ಸಿದ್ದು. ಈಗ ಮಗೂಗೋಸ್ಕರ ಹೇಳ್ತಾ ಇದೀನಿ ಅಷ್ಟೆ."

"ಅದೇ ನಾನೂ ಹೇಳ್ತಿರೋದು. ನಾಳೆ ಮಗು ನಿನ್ನ ಸೀರೆ ಮೇಲೆ ಉಚ್ಚೆ ಹೊಯ್ಯುತ್ತೆ. ಪಾತ್ರೆ ಎಸೆಯುತ್ತೆ. ಆವಾಗ ಏನಂತ ಬೈತೀಯ? ಲೇ ಮುತ್ಯಾಲಮ್ಮ, ನಿನ್ ಸೊಕ್ಕು ಮುರೀತೀನಿ ಅಂತೀಯ?"

ಅನುಸೂಯಮ್ಮನ ಕೈಯಿಂದ ಸೌಟು ಜಾರಿತು. ತಾನು ಅತ್ತೆಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೂಗು ಒರೆಸುತ್ತಿರುವ ಚಿತ್ರ ಅವಳ ಕಣ್ಣಿಗೆ ಕಟ್ಟಿರಬೇಕು. ಸೆರಗಿನಿಂದ ಹಣೆ ಒರೆಸಿಕೊಂಡಳು. "ಹೋಗೋ, ಕೆಲ್ಸ ನೋಡ್ಕೋ ಹೋಗು" ಎಂದಳು.

ಸಿದ್ದರಾಜು ಅದನ್ನು ಸೋಲೆಂದೇ ಲೆಕ್ಕ ಹಾಕಿದ. ತಾಯಿ ಒಪ್ಪಲಿಲ್ಲ, ಹೆಂಡತಿ ಒಪ್ಪಲಿಲ್ಲ. ಹಾಗಾದರೆ ಇಬ್ಬರಿಗೂ ಅರ್ಧರ್ಧ! ಹಳೆಯ ಹೆಸರಿನ ಬಾಲ ಕತ್ತರಿಸಿದರೆ ಹೊಸ ಹೆಸರು. ನೇರ ಮುನಿರಾಜನ ಅಂಗಡಿಗೆ ಹೋಗಿ, "ಮುತ್ಯಾ ಅಂತ ಹಾಕಪ್ಪ" ಎಂದ.

ಕಂಪ್ಯೂಟರಿನ ಮುಂದೆ ಕೂತಿದ್ದ ಹೊಸ ಕೆಲಸಗಾರ ಸಂಗಮೇಶ ತಿರುಗಿ ನೋಡಿದ. ಅವನೂ ವಿಜಯಪುರದವನೇ, ಆದರೆ ಉತ್ತರ ಕರ್ನಾಟಕದ ಆ ವಿಜಯಪುರ.

"ಮುತ್ಯಾ ಅಂತ ಹಾಕ್ಲೇನ್ರಿ? ಫೋಟೋದಾಗ ಕೂಸಿನ ಅಜ್ಜಾರನ್ನ ಹಾಕಬೇಕೇನ್ರಿ?"

"ಅಜ್ಜ ಯಾಕಪ್ಪಾ? ಅದು ಮಗು ಹೆಸರು."

ಸಂಗಮೇಶ ಮೇಜಿಗೆ ಹಣೆ ಹಚ್ಚಿ ನಕ್ಕ. "ನಮ್ ಕಡೆ ಮುತ್ಯಾ ಅಂದ್ರ ಅಜ್ಜ ರೀ! ಮೂರು ತಿಂಗಳ ಹೆಣ್ಣು ಕೂಸಿಗೆ ಮುತ್ಯಾ ಅಂತೀರಲ್ರೀ!"

ಮುನಿರಾಜನೂ ನಕ್ಕ. ಪಕ್ಕದ ಟೀ ಅಂಗಡಿಯವರೂ ವಿಷಯ ಕೇಳಿಕೊಂಡು ನಕ್ಕರು. ಸಿದ್ದರಾಜು ಮನೆ ಮುಟ್ಟುವಷ್ಟರಲ್ಲಿ ದಾರಿಯಲ್ಲಿ ಮೂವರು ಅವನನ್ನು ನಿಲ್ಲಿಸಿ ಮುತ್ಯಾನವರ ಆರೋಗ್ಯ ವಿಚಾರಿಸಿದರು.

ಸಾಯಂಕಾಲ ಮನೆ ತುಂಬಿತು. ತೊಟ್ಟಿಲಿಗೆ ಹೂವು, ಬಾಗಿಲಿಗೆ ಹೆಸರಿನ ಜಾಗ ಖಾಲಿ ಬಿಟ್ಟ ಫ್ಲೆಕ್ಸ್ ಕಟ್ಟಿದ್ದರು. ಮುನಿರಾಮಯ್ಯ ಹಿರಿಯನೆಂದು ಚಾಪೆಯ ಮೇಲೆ ಕೂತು, "ಹೆಸರು ಕೂಗ್ರಮ್ಮ, ಹೊತ್ತಾಯ್ತು" ಎಂದ. ಸಿದ್ದರಾಜು ಕಂಬದ ಮರೆಗೆ ಸರಿದು ನಿಂತ.

ಶಿಲ್ಪ ಎದ್ದಳು. ಮುಖದಲ್ಲಿ ಏನೋ ಕಳೆ ಇತ್ತು. "ಮುತ್ಯಾಲಮ್ಮ" ಎಂದಳು.

ಅದೇ ಉಸಿರಿನಲ್ಲಿ ಅನುಸೂಯಮ್ಮ, ಮಧ್ಯಾಹ್ನವೆಲ್ಲ ಹಿತ್ತಲಲ್ಲಿ ಗುಟ್ಟಾಗಿ ಉರು ಹೊಡೆದದ್ದನ್ನು ಒಂದೊಂದೇ ಅಕ್ಷರ ಬಿಡಿಸಿ, "ಹಿ-ಯಾನ್-ಶಿ" ಎಂದಳು.

ಸಿದ್ದರಾಜುವಿಗೆ ಮೊದಲು ಸಂತೋಷವಾಯಿತು. ಇಬ್ಬರೂ ಸೋತಿದ್ದಾರೆ! ಆಮೇಲೆ ಅದರ ಅರ್ಥ ನಿಧಾನವಾಗಿ ತಲೆಗೆ ಇಳಿಯಿತು.

"ಇದೇನತ್ತೆ? ಬೆಳಿಗ್ಗೆ ನೀವೇ ತಾನೇ ಮುತ್ಯಾಲಮ್ಮ ಅಂದಿದ್ದು?"

"ಬೆಳಿಗ್ಗೆ ನಂಗೆ ಬುದ್ಧಿ ಇರ್ಲಿಲ್ಲ. ನಮ್ಮತ್ತೇನ ಏಕವಚನದಲ್ಲಿ ಕೂಗಕ್ಕೆ ನನ್ನ ಕೈಲಾಗಲ್ಲಮ್ಮ. ನಿನ್ನ ಗಂಡನೇ ಬಿಡಿಸಿ ಹೇಳ್ದ."

"ನಂಗೂ ಅವರೇ ಹೇಳಿದ್ದು! ಗುಳ್ಳೆ ಅಂದಾಗ ಬೇಜಾರಾಗಿತ್ತು. ಆಮೇಲೆ ಬೂದಿಗೆರೆಯಿಂದ ನನ್ನ ಫ್ರೆಂಡ್ ಅಕ್ಷತ ಫೋನ್ ಮಾಡಿದ್ಲು. ಅವಳ ಅಪಾರ್ಟ್‌ಮೆಂಟಲ್ಲಿ ಈಗ ಎಲ್ರೂ ಹಳೇ ಹೆಸರೇ ಹುಡುಕ್ತಾ ಇದಾರಂತೆ. ಮುತ್ಯಾಲಮ್ಮ ಅಂದ ತಕ್ಷಣ, ಎಂಥಾ ವಿಂಟೇಜ್ ಹೆಸರು ಕಣೇ, ನಿಂಗೆ ಬೇಡ ಅಂದ್ರೆ ನನ್ನ ಮಗೂಗೆ ಇಡ್ತೀನಿ ಅಂದ್ಲು. ನಾನು ಬಿಟ್ಕೊಡಲ್ಲ. ಇವಳು ಐದರಲ್ಲಿ ಒಬ್ಳು ಆಗ್ಬಾರ್ದು."

"ಬ್ಯಾಡ ಅಂದ್ರೆ ಬ್ಯಾಡ!"

"ಬೇಕು ಅಂದ್ರೆ ಬೇಕು ಅತ್ತೆ!"

ಬೆಳಗಿನ ಜಗಳವೇ ಮತ್ತೆ ಶುರುವಾಯಿತು. ಆದರೆ ಈಗ ಇಬ್ಬರೂ ಅದಲುಬದಲಾಗಿದ್ದರು. ಬೆಳಿಗ್ಗೆಯಾದರೆ ಬರಿ ಹಟವಿತ್ತು. ಈಗ ಸಿದ್ದರಾಜು ಕೂತು ಕಲಿಸಿದ ವಾದಗಳೂ ಇದ್ದವು. "ಹಿಯಾನ್ಶಿ ಅಂದ್ರೆ ಬೆಳದಿಂಗಳು ಕಣಮ್ಮ" ಎಂದು ಅನುಸೂಯಮ್ಮ ಸೊಸೆಗೆ ಅರ್ಥ ಬಿಡಿಸಿ ಹೇಳುತ್ತಿದ್ದಳು. ಕಡೆಗೆ ಇಬ್ಬರಿಗೂ ಕಂಬದ ಹಿಂದಿನ ಅಂಗಿ ಕಾಣಿಸಿತು.

"ಒಂದೊಂದು ಕಿವೀಲಿ ಒಂದೊಂದು ಊದಿದ್ದು ಇವರೇ!"

"ಹುಟ್ಟಿದಾಗಿಂದ್ಲೂ ಹಿಂಗೇ ಕಣಮ್ಮ ಇವ್ನು!"

"ಊಟ ತಣ್ಣಗಾಗ್ತಿದೆ" ಎಂದು ಮುನಿರಾಮಯ್ಯ ನಡುವೆ ಬಾಯಿ ಹಾಕಿದ. "ಹೆಸರು ಇನ್ನೊಂದಿನ ಇಡೋಣ. ಇಬ್ರೂ ಒಪ್ಪೋವರೆಗೂ ಸುಮ್ನೆ ಪಾಪ, ಪಾಪ ಅಂತ ಕರೀರಿ."

ಎಲ್ಲರಿಗೂ ಅದು ಸರಿಯೆನಿಸಿತು. ಸಿದ್ದರಾಜು ಬೆಳಗಿನಿಂದ ಮೊದಲ ಸಲ ನೆಮ್ಮದಿಯ ಉಸಿರು ಬಿಟ್ಟು, ಪಂಕ್ತಿಯಲ್ಲಿ ಪಕ್ಕದ ಮನೆಯ ಪಾಪಕ್ಕನ ಎಲೆಗೆ ತಾನೇ ಒಬ್ಬಟ್ಟು ಬಡಿಸಿದ. ಆಕೆ ತುಪ್ಪಕ್ಕೆ ಕೈ ಒಡ್ಡಿ ನಕ್ಕಳು.

"ಹೆದರಬ್ಯಾಡ ಕಣ್ಲಾ ಸಿದ್ದ. ನಮ್ಮನೇಲೂ ಹಿಂಗೇ ಆಗಿತ್ತು. ನಮ್ಮಪ್ಪ ಒಂದು ಹೆಸರು ಅಂದ, ನಮ್ಮಜ್ಜಿ ಇನ್ನೊಂದು ಅಂದ್ಲು. ಒಪ್ಪಂದ ಆಗೋವರೆಗೂ ಪಾಪ ಅಂತ ಕರೀರಿ ಅಂದ್ರು ದೊಡ್ಡೋರು."

"ಆಮೇಲೆ ಏನು ಹೆಸರಿಟ್ರು ಪಾಪಕ್ಕ?"

ಕೇಳಿದ ಮೇಲೆಯೇ ಸಿದ್ದರಾಜುವಿಗೆ ಹೊಳೆದದ್ದು. ತುಪ್ಪದ ಚಮಚ ಗಾಳಿಯಲ್ಲೇ ನಿಂತಿತು.

"ಇನ್ನೂ ಇಟ್ಟಿಲ್ಲ ಕಣಪ್ಪ" ಎಂದಳು ಪಾಪಕ್ಕ. "ಮೊದ್ಲು ಪಾಪ ಆಗಿದ್ದೆ. ಮದ್ವೆ ಆದ್ಮೇಲೆ ಅಕ್ಕ ಸೇರ್ಕೊಂಡ್ತು."

ಅಷ್ಟರಲ್ಲಿ ಊಟ ಮುಗಿಸಿದವರು ತಾಂಬೂಲ ತೆಗೆದುಕೊಂಡು ಒಬ್ಬೊಬ್ಬರಾಗಿ ತೊಟ್ಟಿಲ ಬಳಿ ಬಂದು ಬಗ್ಗುತ್ತಿದ್ದರು. ಹೊರಡುವ ಮುನ್ನ ಪ್ರತಿಯೊಬ್ಬರೂ ಕೆನ್ನೆ ಚಿವುಟಿ ಹೇಳುತ್ತಿದ್ದುದು ಒಂದೇ ಮಾತು: "ಬರ್ತೀವಿ ಪಾಪಮ್ಮ."

ಮಗು ಓ ಎಂದಿತು.