ಎಡಕ್ಕೆ ಎಳೆಯುವ ಕಾರು

ನಮ್ಮ ಅತ್ತೆಯನ್ನು ನೋಡಲು ಹೋದವರಿಗೆ ಮೊದಲು ಕಾಣುವುದು ಅವರ ಪಾದಗಳು. ಉಳಿದ ಭಾಗ ಸಾಮಾನ್ಯವಾಗಿ ಕಾರಿನ ಕೆಳಗಿರುತ್ತದೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಶಿಡ್ಲಘಟ್ಟದಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ಚಿಕ್ಕಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆಗೇ ಬಂದರು. ಜೊತೆಗೆ ಹಳೆಯ ಬಿಳಿ ಕಾರೂ ಬಂತು. ಅದರ ಡಿಕ್ಕಿಯಲ್ಲಿ ಸದಾ ಒಂದು ಚಾಪೆ. ಒಮ್ಮೆ ಕಳವಾರದ ರಸ್ತೆಯಲ್ಲಿ ಆ ಚಾಪೆ ಹಾಸಿ ಕಾರಿನಡಿ ಮಲಗಿದ್ದಾಗ, ಸ್ಕಂದಗಿರಿ ಇಳಿದು ಬಂದ ಹುಡುಗರು ಅಪಘಾತವೆಂದೇ ತಿಳಿದು ನೀರಿನ ಬಾಟಲಿ ಹಿಡಿದು ಓಡಿ ಬಂದರಂತೆ.

"ನೀರು ಆಮೇಲೆ ಕುಡೀತೀನಿ. ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ರಪ್ಪ, ಬೆಳಕು ಬೀಳ್ತಾ ಇಲ್ಲ," ಎಂದು ಕೆಳಗಿನಿಂದ ಧ್ವನಿ ಬಂತಂತೆ.

ಇಂಥವರ ಕಾರು ಕಳೆದ ವರ್ಷ ಎಡಕ್ಕೆ ಎಳೆಯತೊಡಗಿತು. ಗೌರಿಬಿದನೂರಿಗೆ ಹೋಗುವಾಗ ಪಕ್ಕದಲ್ಲಿ ಕೂತಿದ್ದ ಅಪ್ಪ ಹೆದರಿ ಸ್ಟಿಯರಿಂಗ್‌ಗೇ ಕೈ ಹಾಕಿದರು. ಮನೆಗೆ ಬಂದವರೇ ಕೀ ತಮ್ಮ ಜೇಬಿಗೆ ಹಾಕಿಕೊಂಡರು.

"ಕಾರಿಗೇನೂ ಆಗಿಲ್ಲ ಅಕ್ಕ. ನಿನ್ನ ಕೈಗೆ ವಯಸ್ಸಾಗಿದೆ."

ಅತ್ತೆ ಜಗಳವಾಡಲಿಲ್ಲ. ನಮಗೆ ಭಯವಾದದ್ದೇ ಆಗ. ಜಗಳವಾಡದ ಅತ್ತೆಯನ್ನು ಯಾರು ಕಂಡಿದ್ದರು?

ಕೆಲವು ದಿನ ಕಳೆದ ಮೇಲೆ ನನ್ನನ್ನು ಕರೆದರು. "ಅಪ್ಪನ ಹತ್ರ ಕೀ ಇಸ್ಕೊಂಡು ಬಾರಪ್ಪ. ನಾನು ಮುಟ್ಟಲ್ಲ, ನೀನೇ ಓಡ್ಸು."

ಮಂಚೇನಹಳ್ಳಿಯವರೆಗೆ ಹೋಗಿ ಬಂದೆ. ನನ್ನ ಕೈಯಲ್ಲೂ ಎಡಕ್ಕೇ ಎಳೆಯಿತು. ಅಪ್ಪ ಒಪ್ಪಲಿಲ್ಲ.

"ನಿಂಗೆ ಮೊದ್ಲೇ ಎಲ್ಲಿ ಸರಿಯಾಗಿ ಓಡ್ಸೋಕೆ ಬರುತ್ತೆ?"

ಅತ್ತೆ ಮುಂದಿನ ಎರಡು ಚಕ್ರಗಳ ಹತ್ತಿರ ಅಂಗೈ ಹಿಡಿದರು. ಬಲಗಡೆಯದು ಬೆಚ್ಚಗಿತ್ತು. ಎಡಗಡೆಯದು ಕಾದ ಹೆಂಚಿನಂತಿತ್ತು. ಜಾಕ್ ಕೊಟ್ಟು ಎತ್ತಿ, ಎಡ ಚಕ್ರ ತಿರುಗಿಸಲು ಅಪ್ಪನಿಗೇ ಹೇಳಿದರು. ಚಕ್ರ ಕದಲಲಿಲ್ಲ. ಆಮೇಲೆ ಚಕ್ರ ಬಿಚ್ಚಿ, ಬ್ರೇಕಿನ ಎಣ್ಣೆ ಬಿಡುವ ಸಣ್ಣ ನಟ್ಟನ್ನು ಸ್ವಲ್ಪ ಸಡಿಲಿಸಿದರು. ಎಣ್ಣೆ ಚಿಮ್ಮಿತು. ಚಕ್ರದ ಹಿಂದೆ ಬ್ರೇಕ್ ಕಚ್ಚಿ ಹಿಡಿದಿದ್ದ ಡಿಸ್ಕು ಈಗ ಸಲೀಸಾಗಿ ತಿರುಗಿತು.

"ಈ ರಬ್ಬರ್ ಪೈಪು ಒಳಗೇ ಊದ್ಕೊಂಡಿದೆ. ಬ್ರೇಕ್ ತುಳಿದ್ರೆ ಎಣ್ಣೆ ಹೋಗುತ್ತೆ, ಬಿಟ್ರೆ ವಾಪಸ್ ಬರಲ್ಲ. ಅದಕ್ಕೇ ಈ ಒಂದು ಚಕ್ರ ಹಿಡ್ಕೊಂಡೇ ಇರುತ್ತೆ."

ಮರುದಿನ ಹೊಸ ಪೈಪನ್ನೂ ಅವರೇ ಹಾಕಿದರು. ನಾನು ಓಡಿಸಿ ನೋಡಿದೆ. ಕಾರು ನೆಟ್ಟಗೆ ಹೋಯಿತು.

ಅಪ್ಪ ಕೀ ಚಾಚಿದರು. ಅತ್ತೆ ತೆಗೆದುಕೊಳ್ಳದೆ ಮೆಟ್ಟಿಲ ಮೇಲೆ ಕೂತರು.

"ಹೋದ ವಾರ ಚಿಂತಾಮಣಿಗೆ ಹೋಗಿ ಡಾಕ್ಟ್ರಿಗೆ ಕೈ ತೋರಿಸ್ಕೊಂಡು ಬಂದೆ ಕಣೋ. ಇಲ್ಲಾದ್ರೆ ಎಲ್ರಿಗೂ ಗೊತ್ತಾಗುತ್ತಲ್ಲ. ನೀನು ಹೇಳಿದ್ದೇ ನಿಜ ಇರಬೋದು ಅಂತ ನಂಗೂ ಹೆದರಿಕೆ ಆಗಿತ್ತು. ಕೈಗೇನೂ ಆಗಿಲ್ಲ ಅಂದ್ರು."

"ಅಷ್ಟು ದೂರ ಬಸ್ಸಲ್ಲಿ ಯಾಕಕ್ಕ ಹೋದೆ?"

"ಕೀ ನಿನ್ನ ಹತ್ರ ಇತ್ತಲ್ಲ."

ಅಪ್ಪ ಅಕ್ಕನ ಪಕ್ಕದಲ್ಲಿ ಕೂತು, ಎಣ್ಣೆ ಮೆತ್ತಿದ್ದ ಆ ಕೈಗಳನ್ನು ತಮ್ಮ ಬಿಳಿ ಪಂಚೆಯಲ್ಲೇ ಒಂದೊಂದಾಗಿ ಒರೆಸತೊಡಗಿದರು.