ದೋಣಿಯಜ್ಜಿಯ ಸಾವನ್ನು ರದ್ದುಪಡಿಸಲು ಕೋರಿ ನಾಲ್ಕನೇ ಸಂಪುಟಕ್ಕೆ

ಮಾನ್ಯ ನಾಲ್ಕನೇ ಸಂಪುಟದವರೇ,

ತಮ್ಮ ನಾನೂರ ಹನ್ನೆರಡು ಪುಟಗಳಿಗೂ, ರಟ್ಟಿಗೂ, ಬೆನ್ನಿಗೂ ಬೇರೆಬೇರೆಯಾಗಿ ಕೈಮುಗಿದು, ಕರುಮತ್ತಂಪಟ್ಟಿಯ ನೇಕಾರರ ಮನೆಯ ಸೊಸೆ ಸುಗನ್ಯಾ ಮಾಡಿಕೊಳ್ಳುವ ಅರಿಕೆ ಏನೆಂದರೆ, ‘ಏಳು ಕಡವಿನ ನಾಡು’ ಎಂಬ ಮಾಯಾಲೋಕದ ಕಥಾಮಾಲೆಯ ಏಳು ಸಂಪುಟಗಳಲ್ಲಿ ಆರನ್ನು ನಾನು ಪ್ರಾಣದಂತೆ ಪ್ರೀತಿಸುತ್ತೇನೆ, ತಮ್ಮನ್ನು ಮಾತ್ರ ಗೌರವಿಸುತ್ತೇನೆ. ಲೇಖಕರ ವಿಳಾಸ ಸಿಗದ ಕಾರಣ ದೂರನ್ನು ತಮಗೇ ಸಲ್ಲಿಸುತ್ತಿದ್ದೇನೆ.

ಮದುವೆಯಾಗಿ ಕೊಳ್ಳೇಗಾಲದಿಂದ ಬರುವಾಗ ಸೀರೆಗಳ ನಡುವೆ ತಮ್ಮೆಲ್ಲರನ್ನೂ ಹೊತ್ತು ತಂದೆ. ತಮಿಳು ಸೀಮೆಯ ಈ ಮನೆಯಲ್ಲಿ ಕನ್ನಡ ಎಲ್ಲರ ನಾಲಿಗೆಯಲ್ಲಿದೆ, ಕನ್ನಡದ ಅಕ್ಷರ ಮಾತ್ರ ಯಾರಿಗೂ ಬಾರದು. ಮಗ್ಗಗಳು ಓಡುವಾಗ ಕೈಸನ್ನೆಯಲ್ಲೇ ಸಂಸಾರ. ತಿಂಗಳಿಗೊಮ್ಮೆ ದುರಸ್ತಿಗೆಂದು ಇಡೀ ದಿನ ಕರೆಂಟು ತೆಗೆದಾಗ ಮಾತ್ರ ಕಿವಿಗೆ ಬಿಡುವು, ಆ ದಿನ ನನ್ನ ಅತ್ತೆ ಕುಪ್ಪಮ್ಮನವರಿಗೆ ನಾನು ಕಥೆ ಹೇಳಬೇಕು. ಹಾಗೆ ಮೂರು ವರ್ಷದಲ್ಲಿ ಏಳನ್ನೂ ಹೇಳಿ ಮುಗಿಸಿದೆ, ತಮ್ಮನ್ನು ಮಾತ್ರ ‘ಅವರೆಲ್ಲ ಜೌಗು ದಾಟಿದರು’ ಎಂಬ ಒಂದೇ ವಾಕ್ಯದಲ್ಲಿ ದಾಟಿಸಿದೆ. ಹದಿನೆಂಟರ ವಯಸ್ಸಿನಲ್ಲಿ ತಮ್ಮನ್ನು ತೂಕಡಿಸುತ್ತ ಒಮ್ಮೆ ಓದಿದ್ದೆ, ಕೆಸರು ಬಿಟ್ಟು ಬೇರೇನೂ ನೆನಪಿರಲಿಲ್ಲ.

ಅತ್ತೆಗೆ ಈ ಕಥೆಯಲ್ಲಿ ಜೀವವೆಂದರೆ ದೋಣಿಯಜ್ಜಿ, ರಾಜನನ್ನು ದೋಣಿ ಹತ್ತಿಸಿಕೊಂಡು ನಡುನೀರಿನಲ್ಲಿ ಬೈಯುವವಳು. ಐದನೇ ಸಂಪುಟದಲ್ಲಿ ಅವಳ ಸುಳಿವೇ ಇಲ್ಲ. ಅಜ್ಜಿ ಎಲ್ಲಿ ಎಂದು ಅತ್ತೆ ಕೇಳಿದರು. ಲೇಖಕರು ಮರೆತಿರಬೇಕೆಂದು ನಾನೇ ಅವಳಿಂದ ಐದರಲ್ಲಿ ಅಡುಗೆ ಮಾಡಿಸಿದೆ, ಆರರಲ್ಲಿ ಸೇನಾಪತಿಯ ಕಿವಿ ಹಿಂಡಿಸಿದೆ, ಏಳರಲ್ಲಿ ಯುವರಾಣಿಗೆ ಕಿರೀಟವನ್ನೇ ತೊಡಿಸಿಬಿಟ್ಟೆ. ಪರೀಕ್ಷಿಸಿ ನೋಡುವವರು ಯಾರಿದ್ದರು?

ಇದ್ದರು. ಹೋದ ಚಳಿಗಾಲದಲ್ಲಿ ಕಪಾಟು ಒರೆಸುತ್ತಿದ್ದ ಅತ್ತೆ ಏಳು ಪುಸ್ತಕಗಳ ಅಂಚಿನ ಮೇಲೂ ಹೆಬ್ಬೆರಳು ಆಡಿಸಿ, ತಮ್ಮ ಬಳಿ ನಿಂತರು. ಬಟ್ಟೆಯ ಯಾವ ಮಡಿಕೆ ಬಿಚ್ಚಿದೆ, ಯಾವುದು ಬಿಚ್ಚಿಲ್ಲ ಎಂದು ಮುಟ್ಟಿಯೇ ಹೇಳುವ ಕೈ ಅದು.

“ಇಲ್ಲಿಗ್ ಬಂದ್ಮೇಲೆ ಇದ ನೀ ತೆಗ್ದೇ ಇಲ್ಲ. ನನ್ನ ಏಮಾತ್ಬುಟ್ಯಲ್ಲ ಸುಗನ್ಯಾ.”

ಮೋಸ ಮಾಡಿದೆ ಎಂದೇ ಅದರ ಅರ್ಥ. ಶಿಕ್ಷೆಯಾಗಿ, ತಮ್ಮನ್ನು ಒಂದಕ್ಷರ ಬಿಡದೆ ಓದಿ ಹೇಳಬೇಕಾಯಿತು.

ಮರುಓದಿನಲ್ಲಿ ತಮ್ಮ ಹಿರಿಮೆ ಅರಿವಾಯಿತು. ಇಲ್ಲಿನ ಸಿಂಗಾನಲ್ಲೂರು ಕೆರೆಯನ್ನು ನಮ್ಮ ಬಸ್ಸು ಐದು ನಿಮಿಷದಲ್ಲಿ ಹಿಂದೆ ಹಾಕುತ್ತದೆ, ತಮ್ಮ ಜೌಗು ಮುನ್ನೂರು ಪುಟ ಹಿಡಿಯುತ್ತದೆ. ಕೆಸರಿನಲ್ಲಿ ಹದಿನಾಲ್ಕು ಬಗೆ ಇವೆಯೆಂದು ತಾವಲ್ಲದೆ ಯಾರು ಹೇಳಿಯಾರು? ನಾಯಕ ಒಂಬತ್ತನೇ ಬಗೆಯಲ್ಲಿ ಹೂತಾಗ ನನಗೆ ನಗು ತಡೆಯಲಾಗದೆ ಓದು ನಿಂತಿತು, ಅತ್ತೆಯೂ ಮಗ್ಗದ ಕಂಬ ಹಿಡಿದುಕೊಂಡು ನಕ್ಕರು. ಇಷ್ಟು ಬೇಸರದ ಪುಸ್ತಕದಿಂದ ಇಷ್ಟು ಸುಖ ಸಿಗುತ್ತದೆಂದು ನಾನು ಎಣಿಸಿರಲಿಲ್ಲ.

ಆಮೇಲೆ ಮುನ್ನೂರ ಹನ್ನೊಂದನೇ ಪುಟ ಬಂತು. ಎರಡು ಜಾತಿಯ ಹುಲ್ಲಿನ ವರ್ಣನೆಯ ನಡುವೆ, ಅರ್ಧ ಸಾಲಿನಲ್ಲಿ, ದೋಣಿಯಜ್ಜಿ ಜ್ವರ ಬಂದು ತೀರಿಕೊಂಡಿದ್ದಾಳೆ. ಕಣ್ಣಿಗೆ ಅರ್ಥವಾಗುವ ಮೊದಲೇ ಬಾಯಿ ಓದಿಬಿಟ್ಟಿತ್ತು. ನನಗೆ ನಾಚಿಕೆಯೂ ಆಯಿತು, ಭಯವೂ ಆಯಿತು. ಇನ್ನು ಈ ಮನೆಯಲ್ಲಿ ನನ್ನ ಮಾತನ್ನು ಯಾರು ನಂಬುತ್ತಾರೆ ಎನಿಸಿತು. ಆ ಅಡುಗೆ, ಆ ಕಿವಿ, ಆ ಕಿರೀಟ ಎಲ್ಲ ನನ್ನದೇ ಕಟ್ಟುಕಥೆ ಎಂದು ಒಪ್ಪಿಕೊಂಡೆ. ಅತ್ತೆ ತೀರ್ಪು ಕೊಟ್ಟರು.

“ನೂಲು ಕಿತ್ಕೊಂಡ್ರೆ ಗಂಟಾಕಿ ನೇಯ್ತೀವಿ. ನೀ ಗಂಟಾಕ್ದೆ, ಬರ್ದೋನು ಕಿತ್ಬುಟ್ಟು ಹೋದ. ತಪ್ಪು ಅವ್ನದು. ಒಂದು ಕಡುದಾಸಿ ಬರಿ.”

ಆ ಅಪ್ಪಣೆಯ ಕಾಗದವೇ ಇದು. ಆದ್ದರಿಂದ ತಾವು ದಯಮಾಡಿ ಸದರಿ ಜ್ವರವನ್ನು ಸಾಮಾನ್ಯ ನೆಗಡಿಗೆ ಇಳಿಸಬೇಕು. ಮುಂದಿನ ಪುಟದಲ್ಲಿ ಅಜ್ಜಿಗೆ ಮೆಣಸಿನ ಸಾರು ಕುಡಿಸಿ ಎಬ್ಬಿಸಬೇಕು. ಜಾಗ ಸಾಲದಿದ್ದರೆ ಹುಲ್ಲು ಕೀಳಬೇಕು. ಈಗಾಗಲೇ ಮಾರಾಟವಾಗಿರುವ ಪ್ರತಿಗಳಲ್ಲಿಯೂ ಇದು ತಾನಾಗಿಯೇ ಆಗುವಂತೆ ನೋಡಿಕೊಳ್ಳಬೇಕು. ಆಗ ತಮ್ಮನ್ನು ಪ್ರೀತಿಸುವ ಬಗ್ಗೆ ಅತ್ತೆ-ಸೊಸೆ ಇಬ್ಬರೂ ಕೂತು ಯೋಚಿಸುತ್ತೇವೆ.

ಇಂತು, ಎರಡು ಬಾರಿ ತಮ್ಮ ಕೆಸರು ದಾಟಿಯೂ ಬದುಕಿರುವ
ತಮ್ಮ ವಿಶ್ವಾಸಿ,
ಸುಗನ್ಯಾ

ತಾ.ಕ.: ತಿಂಗಳೊಳಗೆ ಉತ್ತರ ಬಾರದಿದ್ದರೆ ಅಜ್ಜಿಯನ್ನು ನಾನೇ ಎಬ್ಬಿಸುತ್ತೇನೆ. ಎದ್ದ ಮೇಲೆ ಯಾರುಯಾರನ್ನು ಬೈಯಬೇಕೆಂದು ಅತ್ತೆ ಪಟ್ಟಿ ಕೊಟ್ಟಾಗಿದೆ. ರಾಜನದು ಎರಡನೇ ಹೆಸರು, ಮೊದಲನೆಯವರ ವಿಳಾಸ ಇನ್ನೂ ಸಿಕ್ಕಿಲ್ಲ.