ಅಟ್ಟಕ್ಕೆ ಹೊಗೆ

ನಲವತ್ತು ವರ್ಷದ ಸಂಸಾರದಲ್ಲಿ ನಾನು ಹೆಂಡತಿಯ ಎದುರು ಗೆದ್ದದ್ದು ಒಂದೇ ಒಂದು ಪಂದ್ಯ. ಅದೂ ಡಾಕ್ಟರ ಸಾಕ್ಷಿಯಲ್ಲಿ, ಹೊನ್ನವಳ್ಳಿಯ ಸ್ಕೂಲಿನ ಜಗಲಿಯ ಮೇಲೆ, ನಾಲ್ಕೂರಿನ ಜನ ಸಾಲಾಗಿ ನಿಂತು ನೋಡುತ್ತಿದ್ದಾಗ. ಆದರೂ ಇವತ್ತಿನವರೆಗೆ ಒಬ್ಬನೂ ಬಂದು 'ಭೇಷ್ ಗಂಗಾಧರ್' ಎಂದಿಲ್ಲ. ಎದುರಿಗೆ ಸಿಕ್ಕವರು ಸಾವಿನ ಮನೆಗೆ ಬಂದವರ ಹಾಗೆ ತಲೆ ತಗ್ಗಿಸಿಕೊಂಡು ಹೋಗುತ್ತಾರೆ. ಇದೆಂಥ ನ್ಯಾಯ, ನೀವೇ ಹೇಳಿ.

ವಿಷಯ ಸಿಗರೇಟಿನದು. ನಾನು ಸೇದುವವನು. ಅದು ಚಟವಲ್ಲ, ಕರ್ತವ್ಯ. ತಿಪಟೂರು ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಮಿಕ್ಕವರಿಗೆ ಹೇಳುತ್ತೇನೆ. ನಮ್ಮಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎಂದಾಗ ಕೊಬ್ಬರಿಯಾಯಿತು ಅಂತ ಅರ್ಥ. ನಮ್ಮಪ್ಪನ ಕಾಲದಲ್ಲಿ ಅಟ್ಟದ ಕೆಳಗೇ ಸೌದೆ ಒಲೆ ಇತ್ತು, ಹೊಗೆ ನೇರ ಮೇಲೆ ಹೋಗಿ ಕಾಯಿಗೆ ತಾಗುತ್ತಿತ್ತು. 'ಹೊಗೆ ಕುಡಿದ ಕಾಯಿ ಕೆಡಲ್ಲ' ಎಂಬುದು ಅಪ್ಪನ ವೇದವಾಕ್ಯ. ಆಮೇಲೆ ಗ್ಯಾಸ್ ಬಂತು, ಒಲೆ ಆರಿತು, ಅಟ್ಟದ ಮೇಲಿನ ಕಾಯಿಗಳು ಅನಾಥವಾದವು. ಆ ಮಹತ್ತರ ಜವಾಬ್ದಾರಿಯನ್ನು ನಾನು ಹೊತ್ತೆ. ನಡುಮನೆಯಲ್ಲಿ, ಸರಿಯಾಗಿ ಅಟ್ಟದ ಬಾಯಿಯ ಕೆಳಗೆ ಕುರ್ಚಿ ಹಾಕಿಕೊಂಡು, ಬೆಳಿಗ್ಗೆ ಸಂಜೆ ಧೂಪ ಹಾಕಿದಂತೆ ಸೇವೆ ಸಲ್ಲಿಸುತ್ತಾ ಬಂದೆ. (ಮಧ್ಯಾಹ್ನವೂ. ಕಾಫಿ ಕುಡಿದಾಗಲೆಲ್ಲವೂ.)

ನನ್ನ ಹೆಂಡತಿ ಸುನಂದಾ ಅದೇ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾಳೆ, ಟೀವಿ ನೋಡುತ್ತಾಳೆ, ಕೆಮ್ಮುತ್ತಾಳೆ.

"ಹೊರಗೋಗಿ ಸೇದ್ರೀ, ಎದೆ ಕಟ್ತೈತೆ."

"ಹೊರಗೆ ಸೇದಿದ್ರೆ ಕೊಬ್ಬರಿಗೆ ಏನೇ ಬಂತು?"

"ಅರವತ್ತೇಳು ಆಯ್ತು ನಿಮ್ಗೆ. ತ್ವಾಟದ ತುದಿ ಮುಟ್ಟೋದ್ರೊಳಗೆ ಕಾಲು ಹಿಡ್ಕತು ಅಂತ ಮೂರು ಕಡೆ ಕೂತ್ಕತೀರ. ಸಾರು ಸೀದ್ರೆ ವಾಸ್ನೆ ಗೊತ್ತಾಗಲ್ಲ. ಬೆಳಿಗ್ಗೆ ನೀವು ಕೆಮ್ಮಿದ್ರೆ ಕೊಟ್ಟಿಗೇಲಿ ದನ ಎದ್ದು ನಿಂತ್ಕತವೆ. ನಿಮ್ಮೆದೆನೂ ಗಡಗಡ ಅಂತೈತೆ ಕಣ್ರೀ. ಕೊಬ್ಬರಿ ಆಗೋಯ್ತು, ಇನ್ನು ಒಡೆಯೋದೊಂದೇ ಬಾಕಿ."

ಇದು ಹೆಂಡತಿಯಾದವಳು ಆಡುವ ಮಾತೇ? ನಾನೂ ಬಿಡಲಿಲ್ಲ. ಕಾಲುನೋವು ವಾಯು ಎಂದೆ. ಸೀದ ಸಾರಿನ ವಾಸನೆ ಗೊತ್ತಾಗದಿರುವುದು ಸಂಸಾರ ಉಳಿಸುವ ಗುಣ ಎಂದೆ. ಆಮೇಲೆ ಮಾತನ್ನು ಅವಳ ಕಡೆಗೇ ತಿರುಗಿಸಿದೆ. ಈಚೆಗೆ ಅವಳು ಕಾಯಿ ಆರಿಸಲು ಅಟ್ಟ ಹತ್ತುವಾಗ ಏಣಿಯ ಅರ್ಧಕ್ಕೇ ನಿಂತು ಏದುಸಿರು ಬಿಡುತ್ತಿದ್ದಳು. "ಸೇದೋನು ನಾನು, ಏದೋಳು ನೀನು. ಮುದ್ದೆ ಸ್ವಲ್ಪ ಸಣ್ಣದು ಕಟ್ಕಳೇ," ಎಂದೆ. ಪ್ರಾಸ ತಾನಾಗಿ ಕೂಡಿಬಂದದ್ದಕ್ಕೆ ಖುಷಿಯಾಗಿ ಅದನ್ನು ಟೀ ಅಂಗಡಿಯಲ್ಲೂ ಹೇಳಿ ನಗಿಸಿದೆ.

ಹೀಗಿರುವಾಗ ಹೊನ್ನವಳ್ಳಿಯ ಸ್ಕೂಲಿನಲ್ಲಿ ಶ್ವಾಸಕೋಶ ತಪಾಸಣೆಯ ಶಿಬಿರ ಎಂದು ಆಟೋವೊಂದು ಮೈಕಿನಲ್ಲಿ ಕೂಗಿಕೊಂಡು ಹೋಯಿತು. ಮಿಷನ್ನಿಗೆ ಊದಿದರೆ ಎದೆಯ ಬಂಡವಾಳವೆಲ್ಲ ಬಯಲಾಗುತ್ತದಂತೆ. ಸುನಂದಾ ನನ್ನ ಬೆನ್ನು ಹತ್ತಿದಳು. ನಾನು ಪಂದ್ಯ ಕಟ್ಟಿದೆ.

"ನನ್ನೆದೆ ಕೆಟ್ಟೈತೆ ಅಂತ ಮಿಷನ್ನು ಅಂದ್ರೆ ಅವತ್ತೇ ಸಿಗರೇಟು ಬುಡ್ತೀನಿ. ಚೆನ್ನಾಗೈತೆ ಅಂದ್ರೆ ಸಾಯೋಗಂಟ ನೀನು ಸಿಗರೇಟಿನ ಮಾತು ಎತ್ತಬಾರದು. ಒಪ್ಪಿಗೆನಾ?"

"ಮನೆದೇವ್ರ ಮೇಲಾಣೆ. ಒಪ್ಪಿಗೆ," ಎಂದಳು.

ತಯಾರಿ ಶುರುವಾಯಿತು. ಟೀ ಅಂಗಡಿಯ ಗೆಳೆಯ ಹುಚ್ಚಣ್ಣ ನನ್ನ ತರಬೇತುದಾರ. (ಚಿಕ್ಕಂದಿನಿಂದ ಬೀಡಿ ಸೇದಿದ ಮಹಾನುಭಾವ. ಒಂದು ವಾಕ್ಯ ಮುಗಿಸಲು ನಡುವೆ ಎರಡು ಸಲ ಉಸಿರಿಗೆ ನಿಲ್ಲುತ್ತಾನೆ.) ಅವನು "ಊದುಗೊಳವೆ... ಹಿಡ್ಕಂಡು ಊದ್ಲಾ... ಎದೆ ಬಿಚ್ಕತೈತೆ," ಎಂದ. ಅಟ್ಟದ ಮೂಲೆಯಲ್ಲಿದ್ದ ಅಮ್ಮನ ಕಾಲದ ಊದುಗೊಳವೆ ಹುಡುಕಿ ತಂದು ಆರಿದ ಒಲೆಯ ಮುಂದೆ ಕೂತು ಊದಿದೆ. ಒಲೆಯೊಳಗಿದ್ದ ಹಳೇ ಬೂದಿಯೆಲ್ಲ ಸುನಂದಾ ಒಣಗಲು ಹಾಕಿದ್ದ ಸಂಡಿಗೆಯ ಮೇಲೆ ಕೂತಿತು. ಶಿಬಿರಕ್ಕೆ ಮೂರು ದಿನವಿದೆ ಎನ್ನುವಾಗ ಸಿಗರೇಟನ್ನೂ ನಿಲ್ಲಿಸಿದೆ. (ಬಿಡಲಾಗುವುದಿಲ್ಲ ಎನ್ನುವವರು ಗಮನಿಸಿ. ಹೆಂಡತಿ ಬೇಡಿಕೊಂಡಾಗ ಆಗದಿದ್ದದ್ದು ಅವಳನ್ನು ಸೋಲಿಸಲು ಸಲೀಸಾಗಿ ಆಯಿತು.) ಆ ಮೂರು ದಿನ ಅವಳು ಸಂಡಿಗೆಯ ಸುದ್ದಿಯನ್ನೂ ಎತ್ತಲಿಲ್ಲ. "ಮನೆ ಈಗ ಮನೆ ಥರ ಐತೆ ನೋಡ್ರೀ," ಎಂದಳು ಅಷ್ಟೆ.

ಶಿಬಿರದಲ್ಲಿ ಮಿಷನ್ನಿನ ಮುಂದೆ ಯೋಗಿತಾ ಎಂಬ ಹುಡುಗಿ ಕೂತಿದ್ದಳು. ನನ್ನ ಬಾಯಿಗೆ ಕೊಳವೆ ಕೊಟ್ಟು, "ಊದಿ ತಾತ, ಊದಿ, ಊದಿ, ಬಿಡಬೇಡಿ," ಎಂದು ಹುರಿದುಂಬಿಸಿದಳು. ಕಣ್ಣುಗುಡ್ಡೆ ಈಚೆಗೆ ಬರುವಂತೆ ಊದಿದೆ. ಡಾಕ್ಟರು ಚೀಟಿ ನೋಡಿ, "ನಿಮ್ಮ ವಯಸ್ಸಿಗೆ ಸದ್ಯಕ್ಕೆ ಪರವಾಗಿಲ್ಲ. ಆದ್ರೆ..." ಎಂದರು. ಆ 'ಆದ್ರೆ'ಯನ್ನು ನಾನು ಮುಂದುವರಿಯಲು ಬಿಡಲಿಲ್ಲ. ಸಾಲಿನಲ್ಲಿ ನಿಂತವರ ಕಡೆ ತಿರುಗಿ, "ಪರವಾಗಿಲ್ವಂತೆ. ಕೇಳ್ತೇನೇ ಸುನಂದಾ?" ಎಂದು ಕೂಗಿದೆ.

"ಕೇಳ್ತು. ಇನ್ನು ಆ ಮಾತು ಎತ್ತಲ್ಲ ಬುಡಿ," ಎಂದು ಅವಳು ಪಕ್ಕದ ಬೆಂಚಿನಿಂದ ಏಳಲು ಹೋದಳು. ಕೆಮ್ಮು ಬಂತು, ಮತ್ತೆ ಕೂತಳು.

"ಅಜ್ಜಿ, ನೀವೂ ಒಂದ್ಸಲ ಊದಿ," ಎಂದಳು ಯೋಗಿತಾ.

ಗೆದ್ದವನು ಧಾರಾಳಿಯಾಗಿರುತ್ತಾನೆ. "ಊದ್ಲಿ ಬುಡವ್ವ, ಬಂದಿದ್ದಕ್ಕೆ," ಎಂದೆ.

ಅವಳು ಊದಿದಳು. ಉಸಿರು ಅರ್ಧಕ್ಕೇ ಮುಗಿಯಿತು. ಮತ್ತೆ ಊದಿಸಿದರು, ಏನೋ ಔಷಧಿ ಎಳೆಸಿ ಸ್ವಲ್ಪ ಹೊತ್ತು ಕೂರಿಸಿ ಇನ್ನೊಮ್ಮೆ ಊದಿಸಿದರು. ಯೋಗಿತಾ ಈಗ ಹುರಿದುಂಬಿಸುತ್ತಿರಲಿಲ್ಲ. ಡಾಕ್ಟರು ಚೀಟಿಯನ್ನು ಬಹಳ ಹೊತ್ತು ನೋಡಿ, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ಎಷ್ಟು ವರ್ಷದಿಂದ ಸೇದ್ತಿದೀರಮ್ಮ?"

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಜೊತೆಗೆ ಬಂದು ನನ್ನ ಹಿಂದೆ ಕೆಮ್ಮುತ್ತಿದ್ದ ಹುಚ್ಚಣ್ಣ ಕೂಡ ಕೆಮ್ಮು ನುಂಗಿಕೊಂಡ. ಸುನಂದಾ ಸೆರಗಿನಿಂದ ಬಾಯಿ ಒರೆಸಿಕೊಂಡು, "ಮದ್ವೆ ಆದಾಗ್ಲಿಂದ," ಎಂದಳು.

ಡಾಕ್ಟರು ನನ್ನ ಕಡೆ ನೋಡಿದರು. ನನಗೆ ಭಯವಾಯಿತು. "ಸೌದೆ ಒಲೆ ಸಾರ್. ಒಲೆ ಹೊಗೆ," ಎಂದೆ.

"ಅದೂ ಇರುತ್ತೆ. ಈಗ್ಲೂ ಸೌದೆ ಒಲೆನಾ?"

"ಒಲೆ ಆರಿ ಬಾಳ ವರ್ಷ ಆಯ್ತು ಸಾರ್," ಎಂದಳು ಸುನಂದಾ. "ಇವ್ರೊಬ್ರು ಆರಿಲ್ಲ." ತಕ್ಷಣ ನಾಲಗೆ ಕಚ್ಚಿಕೊಂಡು ನನಗೆ ಹೇಳಿದಳು, "ತಪ್ಪಾಯ್ತು. ಬಾಯ್ತಪ್ಪಿ ಬಂತು."

ಹಾಳಾದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು, ಮನೆಯೊಳಗೆ ಹೊಗೆ ಕೂಡದು, ಅಟ್ಟ ಹತ್ತಬಾರದು. ಡಾಕ್ಟರು ಇಷ್ಟನ್ನೂ ಅವಳಿಗೆ ಹೇಳಿದರು. ನಂತರ ನನ್ನತ್ತ ತಿರುಗಿ, ನಿಲ್ಲಿಸದಿದ್ದರೆ ಮುಂದಿನ ಸರದಿ ನಿಮ್ಮದೇ ಎಂದು ಆ 'ಆದ್ರೆ'ಯನ್ನೂ ಮುಗಿಸಿದರು. ಸೇದಿದವನು ನಾನು, ಪ್ರಸಾದ ಮೊದಲು ಸಿಕ್ಕಿದ್ದು ಅವಳಿಗೆ.

ಈಗ ಅವಳು ಬೆಳಿಗ್ಗೆ ಸಂಜೆ ಒಂದು ಸಣ್ಣ ಪಂಪು ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುತ್ತಾಳೆ. ನಾನು ತೋಟಕ್ಕೆ ಹೋಗಿ ಸೇದತೊಡಗಿದೆ. ವಾಪಸು ಬಂದಾಗ ಬಾಗಿಲಲ್ಲೇ ಕಾದೆ, ಬೈಯುತ್ತಾಳೇನೋ ಎಂದು. ಬೈಯಲಿಲ್ಲ. ಕಾಫಿ ಕೊಟ್ಟಳು. ಬೇಕೆಂದೇ ಅವಳ ಕಣ್ಣೆದುರು ಪ್ಯಾಕೆಟ್ಟು ಇಟ್ಟೆ. ಅದನ್ನು ಎತ್ತಿ ಒರೆಸಿ, ಕೆಳಗಿನ ಧೂಳು ತೆಗೆದು, ಅಲ್ಲೇ ಇಟ್ಟಳು.

"ಏನಾರ ಅನ್ನೇ," ಎಂದೆ.

"ಮನೆದೇವ್ರ ಆಣೆ ಐತೆ ಕಣ್ರೀ."

ನಲವತ್ತು ವರ್ಷ ಬೈಸಿಕೊಂಡ ಮನೆಯಲ್ಲಿ ಬೈಗುಳವಿಲ್ಲದೆ ಒಂದು ತಿಂಗಳು ಬದುಕಿ ನೋಡಿ.

ಮೊನ್ನೆ ಕಾಯಿ ಆರಿಸಲು ನಾನೇ ಅಟ್ಟ ಹತ್ತಿದೆ. ಏಣಿ ಮುಗಿಯುವಷ್ಟರಲ್ಲಿ ನನಗೂ ಏದುಸಿರು. ಕುರ್ಚಿಯ ಸರಿ ಮೇಲಿದ್ದ ಕಾಯಿಗಳನ್ನು ಒಂದೊಂದಾಗಿ ಒಡೆದು ನೋಡಿದೆ. ಇಷ್ಟು ವರ್ಷ ಶ್ರದ್ಧೆಯಿಂದ ಹೊಗೆ ಹಾಕಿದ ಜಾಗ. ಮೂರರಲ್ಲಿ ಒಂದಕ್ಕೆ ಬೂಷ್ಟು ಹಿಡಿದಿತ್ತು. ಅಟ್ಟದ ಬಾಯಿಗೆ ಬಗ್ಗಿ ನೋಡಿದರೆ ಕೆಳಗೆ ಸುನಂದಾ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಉಸಿರು ಮೇಲಿನವರೆಗೂ ಕೇಳುತ್ತಿತ್ತು. ಜೇಬಿನಿಂದ ಪ್ಯಾಕೆಟ್ಟು ತೆಗೆದು ಹಿಸುಕಿ ಅವಳ ಮುಂದಕ್ಕೆ ಎಸೆದೆ.

"ಬುಟ್ಟೆ ಕಣೇ, ಸುನಂದಾ. ಇವತ್ತಿಗೆ ಬುಟ್ಟೆ."

ಅವಳು ಪ್ಯಾಕೆಟ್ಟನ್ನು ನೋಡಿದಳು. ಮೇಲೆ ನನ್ನ ಮುಖ ನೋಡಿದಳು. ಉಸಿರು ಕೂಡುವವರೆಗೆ ತಡೆದು ಕೇಳಿದಳು:

"ಏನ್ ಬುಟ್ರೀ?"

ಆಣೆ ಎಂದರೆ ಆಣೆ. ಸಾಯುವವರೆಗೂ ಸಿಗರೇಟಿನ ಮಾತು ಎತ್ತಬಾರದೆಂದು ಹಾಕಿಸಿದವನು ನಾನೇ.